ಶಲ್ಯನಿಗೆ ಏಳು ವಾರದ ತರಬೇತಿ

ಹಾಸನದ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮೂರು ತಿಂಗಳಿಂದ ರಾತ್ರಿ ಎಂಟಾಯಿತೆಂದರೆ ಹಾರ್ಮೋನಿಯಂ ಶುರುವಾಗುತ್ತದೆ. ಕುರುಕ್ಷೇತ್ರ ನಾಟಕದ ತಾಲೀಮು. ಎಲ್ಲರಿಗಿಂತ ಹೆಚ್ಚು ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಹಿಡಿದಿರುವ ಜಲ್ಲಿ ಗುತ್ತಿಗೆದಾರರು ಒಂದೇ ಪದ್ಯವನ್ನು ನಲವತ್ತು ಸಲ ಹಾಡುತ್ತಾರೆ, ನಲವತ್ತು ಸಲವೂ ತಾಳ ತಪ್ಪುತ್ತದೆ. ನಿದ್ದೆಗೆಟ್ಟು ಓದುತ್ತ ಕುಳಿತಿದ್ದಾಗ, ಪರದೇಶದ ರಕ್ಷಣಾ ಸಚಿವಾಲಯಗಳಿಗೆ ಬುದ್ಧಿ ಹೇಳಲು ಹೊರಡುವ ತನ್ನ ಹಿರಿಯ ಅಧಿಕಾರಿಗಳನ್ನು ಅಮೆರಿಕ ಹೇಗೆ ತಯಾರು ಮಾಡುತ್ತದೆ ಎಂಬ ವಿವರ ಕಣ್ಣಿಗೆ ಬಿತ್ತು. ತರಬೇತಿಯ ಅವಧಿ ಸುಮಾರು ಏಳು ವಾರ. ನಮ್ಮ ಮೇಷ್ಟ್ರು ಏಳು ವಾರದಲ್ಲಿ ದ್ವಾರಪಾಲಕನನ್ನೂ ವೇದಿಕೆ ಹತ್ತಿಸುವುದಿಲ್ಲ.

‘ರಕ್ಷಣಾ ಸಚಿವಾಲಯ ಸಲಹೆಗಾರರು’ ಎಂಬ ಹೆಸರಿನ ಈ ಕಾರ್ಯಕ್ರಮ 2010ರಲ್ಲಿ ಅಫ್ಘಾನಿಸ್ತಾನಕ್ಕೆಂದು ಶುರುವಾಯಿತು. ಪೆಂಟಗನ್ನಿನ ಮೇಜುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಕಡತ ನೋಡಿದ ಹಿರಿಯರನ್ನು ಇಂಡಿಯಾನ ರಾಜ್ಯದ ಮಸ್ಕಟಾಟಕ್ ಎಂಬ ತರಬೇತಿ ಕೇಂದ್ರಕ್ಕೆ ಕರೆದೊಯ್ದು, ಅಫ್ಘಾನ್ ಮೂಲದವರಿಗೆ ಸಂಬಳ ಕೊಟ್ಟು ಮಂತ್ರಿಯ ವೇಷ, ಜನರಲ್ಲನ ವೇಷ ಹಾಕಿಸಿ, ಅವರೆದುರು ಕೂತು ಮಾತಾಡುವುದನ್ನು ಕಲಿಸಿದರು. ನಮ್ಮಲ್ಲಿ ವೇಷ ಹಾಕುವವನೇ ದುಡ್ಡು ಕೊಡಬೇಕು, ಅಲ್ಲಿ ವೇಷಕ್ಕೆ ದುಡ್ಡು ಸಿಗುತ್ತದೆ. ಮುಂದುವರಿದ ದೇಶವೆಂದು ಸುಮ್ಮನೆ ಹೇಳುವುದಿಲ್ಲ. ಗೌರವ, ವಿನಯ, ಸಹಾನುಭೂತಿ ತೋರಿಸಬೇಕು, ಕೇಡು ಮಾಡಬಾರದು ಎಂಬುವು ಆ ಪಾಠದ ಮೂಲತತ್ವಗಳು. ಮೂವತ್ತು ವರ್ಷದ ನೌಕರಿಯಲ್ಲಿ ಬಾರದಿದ್ದ ವಿನಯ ವೇಳಾಪಟ್ಟಿಗೆ ಸೇರಿದೊಡನೆ ಬಂದುಬಿಡುತ್ತದೆಂಬ ಆ ನಂಬಿಕೆಗೆ ಕೈಮುಗಿಯಬೇಕು.

ಇಷ್ಟೆಲ್ಲ ಹೇಳಿಯೂ ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಈ ಏಳು ವಾರವಾದರೂ ಸಿಕ್ಕಿದ್ದು ಪುಣ್ಯವಂತರಿಗೆ. ಅಫ್ಘಾನಿಸ್ತಾನದ ಪುನರ್ನಿರ್ಮಾಣದ ಲೆಕ್ಕ ನೋಡಲು ಅಮೆರಿಕವೇ ನೇಮಿಸಿದ್ದ ‘ಸಿಗಾರ್’ ಎಂಬ ತಪಾಸಣಾ ಸಂಸ್ಥೆ ಬರೆದಿರುವಂತೆ, ಪೊಲೀಸರಿಗೆ ಪಾಠ ಹೇಳಲು ಹೋದ ಒಬ್ಬ ಅಧಿಕಾರಿ ತಾನು ಏನು ಕಲಿಸಬೇಕೆಂದು ತಿಳಿಯಲು ಟಿವಿಯ ಪೊಲೀಸ್ ಧಾರಾವಾಹಿಗಳನ್ನು ನೋಡಿದ್ದನಂತೆ. ಆ ಲೆಕ್ಕದಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿ ನೋಡುವ ನಮ್ಮ ಬೀದಿಯ ಹೆಂಗಸರೆಲ್ಲ ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶರಾಗಲು ಅರ್ಹರು.

ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಸಮವಸ್ತ್ರದ ಪ್ರಸಂಗ. ಅಫ್ಘಾನ್ ಸೇನೆಗೆ ಯಾವ ಬಟ್ಟೆ ಎಂಬ ಪ್ರಶ್ನೆ ಬಂದಾಗ, ಅಂದಿನ ರಕ್ಷಣಾ ಸಚಿವ ಅಬ್ದುಲ್ ರಹೀಮ್ ವಾರ್ದಕ್ ಅಂತರ್ಜಾಲದಲ್ಲಿ ನೋಡಿ ಮೆಚ್ಚಿದ ಹಸಿರು ಕಾಡಿನ ನಮೂನೆಯೇ ಆಗಲಿ ಎಂದರು. ಹಣ ಅಮೆರಿಕದ್ದು, ಸಲಹೆಗಾರರೂ ಅಮೆರಿಕದವರು. ಆ ದೇಶದ ನೆಲದಲ್ಲಿ ಕಾಡಿರುವುದು ಶೇಕಡಾ 2.1 ಭಾಗ ಮಾತ್ರ. ಮಿಕ್ಕಿದ್ದೆಲ್ಲ ಬೋಳು ಬೆಟ್ಟ, ಮಣ್ಣು, ಮರಳು. ಮಣ್ಣಿನ ಬಣ್ಣದ ಗುಡ್ಡದ ಮೇಲೆ ಹಸಿರುಟ್ಟು ನಿಂತ ಸಿಪಾಯಿ ಎಷ್ಟು ದೂರದಿಂದ ಕಾಣಿಸುತ್ತಾನೆಂದು ಲೆಕ್ಕ ಹಾಕಲು ರಕ್ಷಣಾ ತಜ್ಞರೇ ಬೇಕಿಲ್ಲ, ಕುರಿ ಕಾಯುವ ಹುಡುಗ ಸಾಕು. ಈ ನಮೂನೆಯ ಹಕ್ಕುಗಳು ಖಾಸಗಿಯವರ ಕೈಯಲ್ಲಿದ್ದುದರಿಂದ ಬಟ್ಟೆ ದುಬಾರಿಯಾಗಿ, 2.8 ಕೋಟಿ ಡಾಲರಿನವರೆಗೆ ಸುಮ್ಮನೆ ಹೆಚ್ಚಿಗೆ ಖರ್ಚಾಗಿರಬಹುದೆಂದು 2017ರಲ್ಲಿ ಸಿಗಾರ್ ಹೇಳಿತು. ಆ ಬಟ್ಟೆಯನ್ನು ಸಕಲೇಶಪುರದ ಬಿಸಿಲೆ ಘಾಟಿಗೆ ಕಳಿಸಿದ್ದರೆ ಸಾರ್ಥಕವಾಗುತ್ತಿತ್ತು. ಕಾಫಿ ತೋಟದ ಅಂಚಿನಲ್ಲಿ ಖಾಕಿ ತೊಟ್ಟು ಆನೆ ಓಡಿಸಲು ಹೋಗುವ ನಮ್ಮ ಅರಣ್ಯ ಸಿಬ್ಬಂದಿ ಆನೆಗೆ ಮೊದಲೇ ಕಾಣಿಸಿಬಿಡುತ್ತಾರೆ.

ಬಂದವನಿಗೂ ಇದ್ದವನಿಗೂ ನಡುವೆ ಸಲಹೆ ಯಾವ ದಿಕ್ಕಿಗೆ ಹರಿಯಬೇಕು ಎಂಬುದು ನಮ್ಮ ಜಿಲ್ಲೆಗೆ ಹಳೆಯ ವಿಷಯ. 1311ರಲ್ಲಿ ಮಲ್ಲಿಕ್ ಕಾಫರ್ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ, ದಂಡು ತಂದಾಗ ಮೂರನೆಯ ವೀರಬಲ್ಲಾಳ ಶರಣಾಗಬೇಕಾಯಿತು. ಆಮೇಲೆ ತಮಿಳು ನಾಡಿನತ್ತ ಹೊರಟ ಆ ಸೈನ್ಯಕ್ಕೆ ದಾರಿ ತೋರಿಸಬೇಕಾಗಿ ಬಂದದ್ದೂ ಬಲ್ಲಾಳನಿಗೇ. ಕಾಫರ್ ಲೂಟಿಕೋರನೇ ಸರಿ, ಆದರೆ ಊರಿನ ದಾರಿ ಊರಿನವನಿಗೇ ಗೊತ್ತು ಎಂಬಷ್ಟು ತಿಳಿವಳಿಕೆ ಅವನಿಗಿತ್ತು. ಬಲ್ಲಾಳನನ್ನು ಕೂರಿಸಿಕೊಂಡು ಅವನಿಗೇ ದಾರಿಯ ಪಾಠ ಹೇಳಲು ಹೋಗಲಿಲ್ಲ.

ಇಪ್ಪತ್ತು ವರ್ಷದಲ್ಲಿ ಪುನರ್ನಿರ್ಮಾಣಕ್ಕೆಂದು ಸುರಿದದ್ದು ಸುಮಾರು 14,500 ಕೋಟಿ ಡಾಲರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೈನ್ಯ ಮತ್ತು ಪೊಲೀಸರ ಹೆಸರಿನಲ್ಲಿ. 2021ರ ಜುಲೈ ಮೊದಲಿನಲ್ಲಿ ಬಾಗ್ರಾಮ್ ವಾಯುನೆಲೆಯಿಂದ ಅಮೆರಿಕದವರು ರಾತ್ರೋರಾತ್ರಿ ಕರೆಂಟ್ ತೆಗೆದು ಹೊರಟುಹೋದರು. ಅಲ್ಲಿನ ಅಫ್ಘಾನ್ ದಳಪತಿಗೆ ಅದು ತಿಳಿದದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಬಾಡಿಗೆಮನೆ ಬಿಡುವವರೂ ಮಾಲೀಕರಿಗೆ ಬೀಗದ ಕೈ ಕೊಟ್ಟು ಹೋಗುತ್ತಾರೆ. ಆಗಸ್ಟ್ 15ರಂದು ಕಾಬೂಲ್ ಬಿತ್ತು. ಆ ಯುದ್ಧದಲ್ಲಿ ಸತ್ತ ಅಫ್ಘಾನ್ ಸಿಪಾಯಿಗಳು, ಪೊಲೀಸರು ಸುಮಾರು 66,000. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಸಂಬಳ ಸರಿಯಾಗಿ ಬಾರದ, ಕೊನೆಗೆ ಗುಂಡೂ ಊಟವೂ ತಲುಪದ ಕಾವಲು ಠಾಣೆಗಳಲ್ಲಿ ನಿಂತಿದ್ದ ರೈತರ ಮಕ್ಕಳು ಅವರು. ಅವರು ಹೋರಾಡಲೇ ಇಲ್ಲ ಎಂದು ಆಮೇಲೆ ದೊಡ್ಡವರು ದೂರದಲ್ಲಿ ಕುಳಿತು ಹೇಳಿದರು. ವಿನಯದ ಪಾಠ ಅವರ ವೇಳಾಪಟ್ಟಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಸಲಹೆಗಾರರನ್ನು ಕಳಿಸುವ ಆ ಕಾರ್ಯಕ್ರಮ ಅಫ್ಘಾನಿಸ್ತಾನಕ್ಕೇ ನಿಲ್ಲಲಿಲ್ಲ. ಅಮೆರಿಕದ 2012ನೇ ಸಾಲಿನ ರಕ್ಷಣಾ ಕಾನೂನಿನಲ್ಲೇ ಇತರ ದೇಶಗಳಿಗೂ ಸಲಹೆಗಾರರನ್ನು ಕಳಿಸಲು ಅನುಮತಿ ಸಿಕ್ಕಿತ್ತು. ಅಫ್ಘಾನಿಸ್ತಾನದಲ್ಲಿ ಫಲ ಕಾಣುವ ಮೊದಲೇ ಅದೇ ಬೀಜ ಬೇರೆ ಹೊಲಗಳಿಗೂ ಮಂಜೂರಾಗಿತ್ತು.

ನಿನ್ನೆ ರಾತ್ರಿ ತಡೆಯಲಾರದೆ ತಾಲೀಮಿನ ಜಾಗಕ್ಕೇ ಹೋದೆ. ಗದ್ದಲದ ವಿಷಯ ಎತ್ತಬೇಕೆಂದು ಹೋದವನು ಮಾತು ಬದಲಿಸಿ, “ಮೇಷ್ಟ್ರೇ, ಕರ್ಣನಿಗೆ ಸಾರಥಿ ಯಾರು?” ಎಂದು ಕೇಳಿದೆ. ಶಲ್ಯನಾದರೂ ಮದ್ರದೇಶದ ರಾಜ, ಕೌರವರ ಪಾಲಿಗೆ ಹೊರಗಿನವನು, ವಯಸ್ಸಾದವನು, ಯುದ್ಧ ಬಲ್ಲವನು. ಕರ್ಣನ ರಥದ ಮೇಲೆ ಕೂತು ಸಲಹೆ ಕೊಟ್ಟು, ಚುಚ್ಚಿ ಮಾತಾಡಿ, ತನ್ನ ಮಾತು ನಡೆಯದಿದ್ದಾಗ ನಟ್ಟನಡುವೆ ರಥ ಇಳಿದು ಹೋದವನು. ಆಮೇಲೆ ಚಕ್ರ ಹೂತಾಗ ಕೆಳಗಿಳಿದು ಎತ್ತಬೇಕಾದವನು ಕರ್ಣ ಒಬ್ಬನೇ.

ಮೇಷ್ಟ್ರು ಹಾರ್ಮೋನಿಯಂ ತಿದಿ ಮುಚ್ಚಿ, “ಅದಕ್ಕೆ ಇನ್ನೂ ಯಾರೂ ದುಡ್ಡು ಕಟ್ಟಿಲ್ಲ ಸ್ವಾಮಿ. ಎಲ್ಲರೂ ಅರ್ಧಕ್ಕೆ ಇಳಿದು ಹೋಗುವ ಪಾತ್ರ ಬೇಡ ಅಂತಾರೆ,” ಎಂದರು.