ಹೊನ್ನಾವರಕ್ಕೆ ಹೋಗುವಾಗ ಒಂದು ಖಾಲಿ ಚೀಲ ಇರಲಿ

ಮೊನ್ನೆ ನಮ್ಮ ಓಣಿಯ ಗೆಳೆಯನೊಬ್ಬ ಫೋನ್ ಮಾಡಿದ. "ದೋಸ್ತ, ಎರಡು ದಿನ ಸೂಟಿ ಐತಿ. ಹುಡುಗರನ್ನ ಕರ್ಕೊಂಡು ಮುರುಡೇಶ್ವರಕ್ಕ ಹೊಂಟೀವಿ. ನಡುವ ಹೊನ್ನಾವರ ಬರ್ತೈತಲ್ಲ, ಅಲ್ಲಿ ನೋಡೋವಂಥಾದ್ದು ಏನರ ಐತೇನು?" ಅಂದ. ಎರಡು ನಿಮಿಷದ ಪ್ರಶ್ನೆ. ನಾನು ಮುಕ್ಕಾಲು ತಾಸು ಮಾತಾಡಿದೆ. ಕೊನೆಗೆ ಅವನೇ ಸಾಕಾಗಿ, "ಬರೆದು ಹಾಕಿಬಿಡು ಮಾರಾಯಾ, ಓದ್ಕೋತೀನಿ" ಅಂತ ಫೋನ್ ಇಟ್ಟ. ಅದಕ್ಕೇ ಈ ಬರಹ.

ನಮ್ಮ ಹುಬ್ಬಳ್ಳಿ ಮಂದಿಯ ಕರಾವಳಿ ಪ್ರವಾಸ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ನಸುಕಿನ ಐದಕ್ಕೆ ಗಾಡಿ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ. ಗೋಕರ್ಣದಲ್ಲಿ ದರ್ಶನ, ಮುರುಡೇಶ್ವರದಲ್ಲಿ ಶಿವನ ಮೂರ್ತಿ ಮುಂದೆ ಫೋಟೋ. ಹೊನ್ನಾವರ ಬರುವ ಹೊತ್ತಿಗೆ ಅರ್ಧ ಮಂದಿಗೆ ನಿದ್ದೆ. ಶರಾವತಿ ಸೇತುವೆ ಮೇಲೆ ಯಾರೋ ಒಬ್ಬರು ಕಣ್ಣು ಬಿಟ್ಟು "ಎಷ್ಟ್ ದೊಡ್ಡ ಹೊಳಿ ಲೇ" ಅಂತಾರೆ, ಮತ್ತೆ ಮಲಗುತ್ತಾರೆ. ನಾನೂ ಎಷ್ಟೋ ವರ್ಷ ಹೀಗೇ ದಾಟಿದವನೇ.

ಈಗ ಅದಕ್ಕೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ನಾವು ವ್ಯಾಪಾರದ ಊರಿನವರು. ಇನ್ನೊಂದು ವ್ಯಾಪಾರದ ಊರು ಎದುರಿಗೆ ಬಂದರೆ ನಮಗೆ ಗುರುತು ಸಿಗಬೇಕಿತ್ತು, ಅಲ್ವಾ? ನಮ್ಮಪ್ಪ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ದುಡಿದವರು. ಯಾವ ಊರಿಗೆ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಇಲ್ಲಿಗೆ ಮಾಲು ಎಲ್ಲಿಂದ ಬರ್ತೈತಿ, ಯಾವ ಕಡೆ ಹೋಗ್ತೈತಿ?" ಗುಡಿ, ಗೋಪುರ ಎಲ್ಲ ಆಮೇಲೆ. ಚಿಕ್ಕವನಿದ್ದಾಗ ನನಗೆ ನಾಚಿಕೆ ಆಗುತ್ತಿತ್ತು. ಈಗ ನಾನೂ ಅದನ್ನೇ ಕೇಳುತ್ತೇನೆ.

ಹೊನ್ನಾವರದಲ್ಲಿ ಆ ಪ್ರಶ್ನೆಗೆ ಉತ್ತರ: ಕಾಳುಮೆಣಸು. ಘಟ್ಟದ ಮೇಲೆ ಬೆಳೆದ ಮೆಣಸು ಎತ್ತಿನ ಬೆನ್ನ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿಗೆ ಘಟ್ಟ ಮುಗಿದು ಹೊಳೆ ಸಮಾಧಾನಕ್ಕೆ ಬರುತ್ತದೆ. ಅಲ್ಲಿಂದ ದೋಣಿ. ದೋಣಿ ಹೊನ್ನಾವರಕ್ಕೆ, ಅಲ್ಲಿಂದ ಹಡಗು ಸಮುದ್ರದಾಚೆಗೆ. ಹಾಗಾಗಿ ಈ ಊರನ್ನು ನೋಡಬೇಕೆಂದರೆ ಮಾಲು ಇಳಿದು ಬಂದ ದಾರಿಯನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಬೆಳಿಗ್ಗೆ ಅಳಿವೆ, ಮಧ್ಯಾಹ್ನ ಗೇರುಸೊಪ್ಪೆ. ನನ್ನ ಪ್ಲಾನ್ ಇಷ್ಟೇ.

ಹೋಗುವ ದಾರಿಯ ಒಂದು ಮಾತು ಹೇಳಿಬಿಡುತ್ತೇನೆ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಒಂದು ಕಾಲಕ್ಕೆ ಚಕ್ಕಡಿಯಲ್ಲಿ ಈ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಭಾರಿ ರೇಟು ಬಂತು. ಆದರೆ ಇಂಗ್ಲೆಂಡಿನ ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'! ಬೆಳೆದವರು ನಾವು, ಹೆಸರು ಬಂದರಿನದು. ನಮ್ಮ ಹಿರಿಯರು ಹೇಳುವ ಜಯಧರ ಹತ್ತಿ ಕೂಡ ಇದೇ ಕುಮಟಾ ತಳಿಯ ವಂಶದ್ದು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ಅಂಡಿಗೆಗಳೆಲ್ಲ ರೈಲು ಹತ್ತಿದವು. ಕುಮಟಾ ಬಂದರು ಸಪ್ಪಗಾಯಿತು. ನಮ್ಮೂರಿನ ಏಳಿಗೆ ಅಂತ ನಾವು ಹೇಳುವ ರೈಲು ಇನ್ನೊಂದು ಊರಿನ ಅನ್ನ ಕಿತ್ತುಕೊಂಡಿತ್ತು ಅನ್ನುವುದು ಆ ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸುವಾಗಲೇ ನನಗೆ ಹೊಳೆದದ್ದು. (ಮಳೆಗಾಲದಲ್ಲಿ ಈ ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವುದುಂಟು. ಕೇಳಿಕೊಂಡೇ ಹೊರಡಿ.)

ಹೊನ್ನಾವರದಲ್ಲಿ ಮೊದಲು ದೋಣಿ ಹತ್ತಿ. ಭರತ ಇಳಿತ ವಿಚಾರಿಸದೆ ಮಾತ್ರ ಹೋಗಬೇಡಿ. ಮೊದಲ ಸಲ ನಾನು ಮಟಮಟ ಮಧ್ಯಾಹ್ನ, ನೀರು ಪೂರ್ತಿ ಇಳಿದಾಗ, ಕಾಸರಕೋಡಿನ ಕಾಂಡ್ಲಾ ಕಾಡಿನ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು) ಹಲಗೆ ದಾರಿಯ ಮೇಲೆ ಹೋಗಿದ್ದೆ. ಕೆಳಗೆ ಬರೀ ಕೆಸರು, ಏಡಿ, ವಾಸನೆ. ಮಗಳು ಮೂಗು ಮುಚ್ಚಿಕೊಂಡೇ ಅಷ್ಟೂ ದಾರಿ ನಡೆದಳು. ಎರಡನೇ ಸಲ ಬೆಳಿಗ್ಗೆ ಭರತದ ಹೊತ್ತಿಗೆ ಹೋದೆವು. ಅದೇ ಜಾಗ, ಆದರೆ ಬೇರುಗಳ ನಡುವೆ ನೀರು ತುಂಬಿ ಇಡೀ ಕಾಡು ತೇಲಿದ ಹಾಗಿತ್ತು.

ದೋಣಿಯಲ್ಲಿ ಕೂತು ತಲೆ ಎತ್ತಿದರೆ ಒಂದು ಕಡೆ ಕೊಂಕಣ ರೈಲ್ವೆಯ ಸೇತುವೆ. 2 ಕಿಲೋಮೀಟರಿಗೂ ಜಾಸ್ತಿ ಉದ್ದ. ಆ ಇಡೀ ಮಾರ್ಗದಲ್ಲೇ ಇದಕ್ಕಿಂತ ಉದ್ದದ ಸೇತುವೆ ಇಲ್ಲ. ಇನ್ನೊಂದು ಕಡೆ ಹೊಳೆ ಸಮುದ್ರ ಸೇರುವ ಅಳಿವೆ. ಅಲ್ಲಿ ಮರಳು ಕೂತು ಮೀನುಗಾರರಿಗೆ ಈಗಲೂ ಕಷ್ಟ. ನಮ್ಮ ದೋಣಿಯವರು ಆ ಕಡೆ ಬೆರಳು ತೋರಿಸಿ, "ಹೊರಗೆ ಹೋಗೂದು ಸುಲಭ ಒಡೆಯಾ, ಒಳಗೆ ಬರೂದೇ ಕಷ್ಟ" ಅಂದರು.

14ನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತ ಬರೆದಿಟ್ಟಿದ್ದಾನೆ. ದೋಣಿಯಲ್ಲಿ ಇದನ್ನು ಹೇಳಿದಾಗ ನನ್ನ ಮಗಳು ಮೊಬೈಲ್ ಕೆಳಗಿಟ್ಟು, "ಆವಾಗೂ ಹುಡುಗ್ಯಾರಿಗೆ ಕಡಿಮಿನ ಅಲ್ಲ?" ಅಂದಳು. ನಾನು ಅಷ್ಟಾದರೂ ಇತ್ತಲ್ಲ ಅಂತ ಖುಷಿಯಲ್ಲಿದ್ದೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಮೀನು ತಿನ್ನುವವರಿಗೆ ನಾನು ಹೇಳಬೇಕಾದ್ದಿಲ್ಲ. ನಮ್ಮ ಹಾಗೆ ತಿನ್ನದವರು ಬನ್ಸ್ ತಿಂದು, ಮುರುಗಲು (ಕೋಕಂ) ಶರಬತ್ತು ಕುಡಿಯಿರಿ. ರೊಟ್ಟಿ ಹುಡುಕುತ್ತಾ ಅಲೆಯಬೇಡಿ.

ಆಮೇಲೆ ಗೇರುಸೊಪ್ಪೆ. ಜೋಗದ ಕಡೆಯ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು. ನನಗೆ ಕೇಳಿದರೆ ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಈಗ ಅಲ್ಲಿ ಕಾಣುವುದು ಅಣೆಕಟ್ಟು ಮತ್ತು 240 ಮೆಗಾವ್ಯಾಟಿನ ವಿದ್ಯುತ್ ಕೇಂದ್ರ. ಅಣೆಕಟ್ಟಿನ ಕೆಳಗೆ ನೀರಿಗೆ ಇಳಿಯಬೇಡಿ. ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತದೆ. ಹಳೆಯ ಊರು ಇರುವುದು ಆಚೆ ದಡದಲ್ಲಿ, ನಗರಬಸ್ತಿಕೇರಿಯ ಕಾಡಿನ ನಡುವೆ. ಅಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಒಂದಕ್ಕೊಂದು ಬೆನ್ನು ಮಾಡಿ ನಾಲ್ಕೂ ಕಡೆ ಮುಖ ಮಾಡಿದ ಜಿನರು. ಯಾವ ಬಾಗಿಲಿನಿಂದ ಹೊಕ್ಕರೂ ಒಬ್ಬರು ನಿಮ್ಮನ್ನು ನೋಡುತ್ತಿರುತ್ತಾರೆ.

ಇದು ರಾಣಿ ಚೆನ್ನಭೈರಾದೇವಿಯ ಊರು. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಆಕೆಯನ್ನು ಕರೆದದ್ದು 'ಮೆಣಸಿನ ರಾಣಿ' ಅಂತ. ಅವರ ಜತೆ ಜಗಳವನ್ನೂ ಆಡಿದಳು, ಮೆಣಸನ್ನೂ ಮಾರಿದಳು. ಕೊನೆಗೆ ಕೆಳದಿಯ ನಾಯಕ ಅರಸರ ಕೈಯಲ್ಲಿ ಸೋತು ಸೆರೆಯಲ್ಲೇ ಸತ್ತಳು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ಇದೇ ಹೊಳೆಯಲ್ಲಿ ದೋಣಿ ಹತ್ತಿ ಇಲ್ಲಿಗೆ ಬಂದ. ತಾನು ಕಂಡ ಹೊಳೆಗಳಲ್ಲಿ ಇದರಷ್ಟು ಚೆಂದದ್ದು ಇಲ್ಲ ಅಂತ ಹೊಗಳಿದ. ಆದರೆ ದಡ ಹತ್ತಿ ನೋಡಿದರೆ ಅರಮನೆ, ಪೇಟೆ ಎಲ್ಲ ಬಿದ್ದುಹೋಗಿ ಗಿಡಮರ ಬೆಳೆದಿತ್ತು. ಲೆಕ್ಕ ಹಾಕಿ. ಬರೀ 17 ವರ್ಷದಲ್ಲಿ ಒಂದು ಪೇಟೆ ಕಾಡಾಗಿತ್ತು. ನಮ್ಮೂರ ದುರ್ಗದ ಬೈಲಿನ ಪೇಟೆಯಲ್ಲಿ ಸಂಜೆ ಹೊತ್ತು ಕಾಲಿಡಲು ಜಾಗ ಇಲ್ಲದೆ ನಿಂತಾಗ ನನಗೆ ಈಗ ಆ ಬಸದಿ ನೆನಪಾಗುತ್ತದೆ. ನಮ್ಮ ಹುಬ್ಬಳ್ಳಿಯೂ 1673ರಲ್ಲಿ ಮರಾಠಾ ಸೈನ್ಯದ ಲೂಟಿಗೆ ಸಿಕ್ಕು, ಇಂಗ್ಲಿಷ್ ಕಂಪನಿಯ ಮಾಲೂ ಅದರಲ್ಲಿ ಹೋಗಿತ್ತು. ಆದರೂ ನಾವು ಮತ್ತೆ ಅಂಗಡಿ ತೆರೆದೆವು. ಗೇರುಸೊಪ್ಪೆಗೆ ಅದು ಆಗಲಿಲ್ಲ.

ಇನ್ನು ಚೀಲದ ವಿಷಯ. ವ್ಯಾಪಾರದ ಊರಿಗೆ ಹೋಗಿ ಏನೂ ಕೊಳ್ಳದೆ ಬರುವುದು ನನಗೆ ಸರಿ ಕಾಣುವುದಿಲ್ಲ. ಜೋನಿ ಬೆಲ್ಲ (ನೀರಾಗಿರುವ ಬೆಲ್ಲ), ಹಲಸಿನ ಹಪ್ಪಳ ತನ್ನಿ. ಮುಖ್ಯವಾಗಿ ಮೆಣಸು ತನ್ನಿ. ಪ್ರವಾಸಿಗರ ಅಂಗಡಿಯ ಬಣ್ಣದ ಪ್ಯಾಕೆಟ್ ಬೇಡ, ಮೂಟೆ ಇಟ್ಟ ಅಂಗಡಿಗೆ ಹೋಗಿ. ಮೆಣಸಿನ ವ್ಯಾಪಾರಿಗಳು ಒಂದು ಲೀಟರ್ ಅಳತೆಯಲ್ಲಿ ಕಾಳು ತುಂಬಿ ತೂಗುತ್ತಾರೆ. 550 ಗ್ರಾಂ ತೂಗಿದರೆ ಗಟ್ಟಿ ಮಾಲು. ಕಡಿಮೆ ಬಂದರೆ ಜೊಳ್ಳು ಜಾಸ್ತಿ ಅಂತ ಅರ್ಥ. ಸುಮ್ನೆ ಒಮ್ಮೆ ಕೇಳಿ ನೋಡಿ. ಕೇಳಿದ ತಕ್ಷಣ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ.

ನಾನು ಎರಡು ಕಿಲೋ ತಂದು ಹೆಮ್ಮೆಯಿಂದ ಅಪ್ಪನ ಮುಂದೆ ಸುರುವಿದೆ. ಅವರು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉರುಳಿಸಿದರು. ಒಂದು ಕಾಳು ಕಚ್ಚಿದರು. "ಮಾಲು ಛಲೋ ಐತಿ" ಅಂದರು. ಆಮೇಲೆ ಕನ್ನಡಕದ ಮೇಲಿಂದ ನೋಡುತ್ತಾ ಕೇಳಿದರು:

"ಪೆಟ್ರೋಲ್ ಹಿಡದು ಕಿಲೋಕ್ಕ ಎಷ್ಟ್ ಬಿತ್ತು?"