ಪಾಟಾ ಹಾಕಿಸುವ ಮೊದಲು ಒಮ್ಮೆ ಗಾಡಿ ಕೆಳಗೆ ಮಲಗಿ ನೋಡು

ನಮ್ಮೂರ ಹುಡುಗನೊಬ್ಬ ಮೊನ್ನೆ ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡ. ಪೂಜೆಯ ಹೂವು ಇನ್ನೂ ಬಾಡಿರಲಿಲ್ಲ, ನಮ್ಮ ಮನೆ ಮುಂದೆ ತಂದು ನಿಲ್ಲಿಸಿ ಕೇಳಿದ: "ಅಣ್ಣಾ, ಹಿಂದ ಎಷ್ಟು ಪಾಟಾ ಹಾಕಸ್ಲಿ? ಎಲ್ಲಾರೂ ಎರಡು ಹಾಕಸು ಅಂತಾರ."

ಪಾಟಾ ಅಂದರೆ ಗಾಡಿಯ ಭಾರ ಹೊರುವ ಉದ್ದನೆಯ ಸ್ಪ್ರಿಂಗ್ ಪಟ್ಟಿ. ಒಂದೂ ಬೇಡ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಸ್ವಂತ ಗಾಡಿ ಇಟ್ಟುಕೊಂಡು ದುಡಿಯುವ ಹುಡುಗರು ಜಾಸ್ತಿ ಕೇಳುವುದೂ ಇದನ್ನೇ. ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ನಾನೂ ಹಾಕಿಸಿದ್ದೆ. ಗೋವಿನಜೋಳದ ಸುಗ್ಗಿ. ನನ್ನ ಗಾಡಿ ಹೊರಬೇಕಾದದ್ದು ಒಂದೂವರೆ ಟನ್. 60 ಕೆಜಿಯ ಚೀಲವಾದರೆ 25 ಚೀಲ, ಅಷ್ಟೇ. ಬಾಡಿಗೆ ಕೊಡುವವರು 40 ಹಾಕು, ಒಂದೇ ಖೇಪಿನಲ್ಲಿ ಮುಗಿಯಲಿ ಅನ್ನುತ್ತಿದ್ದರು. ಅಂದರೆ 2,400 ಕೆಜಿ. ಹಿಂಭಾಗ ಕೂತೇ ಬಿಡುತ್ತಿತ್ತು. ಎಡಕ್ಕೆ ಎರಡು, ಬಲಕ್ಕೆ ಎರಡು ಪಾಟಾ ಸೇರಿಸಿದೆ. ಉದ್ದ ಯು-ಬೋಲ್ಟ್ ತಂದು ನನ್ನ ಕೈಯಾರೆ ಬಿಗಿಸಿದೆ. ಗಾಡಿ 40 ಚೀಲ ಹೊತ್ತು ನೆಟ್ಟಗೆ ನಿಂತಿತು. ನೋಡಿ ಎಷ್ಟು ಖುಷಿಯಾಗಿತ್ತು!

ಸ್ವಲ್ಪ ದಿನಕ್ಕೆ ಮುಂದಿನ ಬ್ರೇಕಿನ ಡಿಸ್ಕ್ ಪ್ಯಾಡ್ ಸವೆದವು. ಮಾಲು ಸರಿ ಇಲ್ಲ ಅಂತ ಬೇರೆ ಹಾಕಿದೆ. ಅವೂ ಸವೆದವು. ಗಾಡಿ ನನಗೆ ಏನೋ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಒಂದು ಸಂಜೆ ಮೋಟೆಬೆನ್ನೂರು ಹತ್ತಿರ, ಸರ್ವಿಸ್ ರಸ್ತೆ, ತುಂತುರು ಮಳೆ. ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿಯ ಮೂತಿ ಕೆಳಗೆ ಬಗ್ಗಿತು, ಮುಂದಿನ ಎರಡೂ ಚಕ್ರ ಹಿಡಿದು ನಿಂತವು, ಗಾಡಿ ಮಾತ್ರ ಜಾರುತ್ತಲೇ ಹೋಯಿತು. ನನ್ನದು ಹಳೇ ಗಾಡಿ, ಬ್ರೇಕ್ ಒತ್ತಿದಾಗ ಚಕ್ರ ಹಿಡಿದು ನಿಲ್ಲದಂತೆ ತಡೆಯುವ ಎಬಿಎಸ್ ಇಲ್ಲ. ಚಕ್ರ ಹಿಡಿದು ನಿಂತರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಕುರಿಗಳ ಹಿಂದೆ ಹತ್ತು ವರ್ಷದ ಒಬ್ಬ ಹುಡುಗ. ಕೊನೆಗೆ ನಿಂತಾಗ ಬಂಪರಿಗೂ ಅವನಿಗೂ ನಡುವೆ ಒಂದು ಮೊಳ ಜಾಗ ಇತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಹಾವೇರಿಯಲ್ಲಿ ನನಗೆ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಬ್ರೇಕ್ ಬಿಚ್ಚಲಿಲ್ಲ. ಚೀಲ ಹಾಸಿ ಗಾಡಿ ಕೆಳಗೆ ಮಲಗಿ ನನ್ನನ್ನೂ ಕರೆದರು. ಹಿಂದಿನ ಚಕ್ರಗಳ ಅಚ್ಚು ಅಂದರೆ ಆಕ್ಸಲ್‌ನಿಂದ ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹೋಗುವ ಒಂದು ಸಣ್ಣ ಕಡ್ಡಿ ತೋರಿಸಿ ಕೇಳಿದರು, "ತಮ್ಮಾ, ಈ ಕಡ್ಡಿ ಏನ್ ಮಾಡ್ತೈತಿ ಗೊತ್ತೈತೇನು?"

ಗೊತ್ತಿರಲಿಲ್ಲ. ಆ ಕಡ್ಡಿಯ ತುದಿಯಲ್ಲಿ ಒಂದು ವಾಲ್ವ್ ಇದೆ. ಎಲ್‌ಎಸ್‌ಪಿವಿ ಅಂತಾರೆ. ಹಿಂದಿನ ಭಾರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕು ಅಂತ ತೀರ್ಮಾನಿಸುವುದು ಅದೇ. ಬಹಳಷ್ಟು ಪಿಕಪ್‌ಗಳಲ್ಲಿ ಇರುತ್ತದೆ. ಖಾಲಿ ಗಾಡಿಯ ಹಿಂಭಾಗ ಹಗುರ. ಅಲ್ಲಿಗೆ ಪೂರ್ತಿ ಬ್ರೇಕ್ ಕೊಟ್ಟರೆ ಹಿಂದಿನ ಚಕ್ರ ಹಿಡಿದು ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಅದಕ್ಕೆ ಖಾಲಿ ಇದ್ದಾಗ ವಾಲ್ವ್ ಹಿಂದಕ್ಕೆ ಕಡಿಮೆ ಬಿಡುತ್ತದೆ. ಮಾಲು ಹೇರಿದಾಗ ಬಾಡಿ ಕೆಳಗೆ ಕೂರುತ್ತದೆ, ಕಡ್ಡಿ ಸರಿಯುತ್ತದೆ, ಆಗ ಹಿಂದಕ್ಕೂ ಜಾಸ್ತಿ ಬಿಡುತ್ತದೆ.

ಈಗ ಅರ್ಥ ಆಯ್ತಲ್ವಾ? ನಾನು ಪಾಟಾ ಸೇರಿಸಿ ಬಾಡಿ ಕೂರದ ಹಾಗೆ ಮಾಡಿದ್ದೆ. 40 ಚೀಲ ಹೇರಿದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ. ಹಿಂದಿನ ಬ್ರೇಕು ಅರೆಬರೆ, ಇಡೀ ಭಾರ ನಿಲ್ಲಿಸುವ ಕೆಲಸ ಮುಂದಿನ ಎರಡು ಚಕ್ರದ ಪ್ಯಾಡ್‌ಗಳದ್ದು. ಅವು ಬೇಗ ಸವೆದದ್ದೂ ಅದಕ್ಕೇ. ಇನ್ನು ಕೆಲವರು ಆ ಕಡ್ಡಿಯನ್ನೇ ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ದಯವಿಟ್ಟು ಅದನ್ನಂತೂ ಮಾಡಬೇಡಿ. ಖಾಲಿ ಬರುವಾಗ ಮಳೆ ರಸ್ತೆಯಲ್ಲಿ ಹಿಂಭಾಗ ತಿರುಗುತ್ತದೆ.

ಪಾಟಾ ನಾಲ್ಕು ಸಾವಿರಕ್ಕೋ ಐದು ಸಾವಿರಕ್ಕೋ ಸಿಗಬಹುದು. ಆದರೆ ಆಕ್ಸಲ್ ಹಳೇದೇ, ಬೇರಿಂಗ್ ಹಳೇದೇ, ಟೈರು, ಡ್ರಮ್ಮು, ಚಾಸಿ ಎಲ್ಲ ಒಂದೂವರೆ ಟನ್ನಿಗೆ ಮಾಡಿದ್ದೇ. ದಂಡದ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಆದರೆ ನಾನು ಹೇಳುತ್ತಿರುವುದು ದಂಡಕ್ಕೆ ಹೆದರಿ ಅಲ್ಲ. ಆ ಒಂದು ಮೊಳ ನೆನಪಿಟ್ಟುಕೊಂಡು. ಪಾಟಾ ಬಿಚ್ಚಿಸಿದೆ, ಕಡ್ಡಿಯ ಅಳತೆ ಸರಿ ಮಾಡಿಸಿದೆ. ಈಗ 40 ಚೀಲಕ್ಕೆ ಎರಡು ಖೇಪು ಅಂತ ಮೊದಲೇ ಹೇಳುತ್ತೇನೆ. ಒಪ್ಪದ ಕೆಲವರು ಬಿಟ್ಟು ಹೋದರು. ಹೋಗಲಿ.

ಹಾಗಂತ ಗಾಡಿಗೆ ಕೈ ಹಚ್ಚಬೇಡಿ ಅಂತ ಅಲ್ಲ. ಗಾಡಿ ಕೆಳಗೆ ಮಲಗದ ಮಾಲೀಕನಿಗೆ ಗಾಡಿ ಗೊತ್ತಿರುವುದಿಲ್ಲ. ಒಂದು ಸೆಟ್ ಪಾನಾ, ಗ್ರೀಸ್ ಗನ್ನು, ಜಾಕು ಇದ್ದರೆ ಬಹಳ ಕೆಲಸ ಮನೆಯಲ್ಲೇ ಆಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಿಗೆ, ಅಂದರೆ ಕ್ರಾಸಿಗೆ, ಗ್ರೀಸ್ ಹೊಡೆಯುವ ನಿಪ್ಪಲ್ ಇದ್ದರೆ, ಹಳೇ ಗ್ರೀಸ್ ಹೊರಗೆ ಬರುವ ತನಕ ಹೊಸದು ಹೊಡೆಯಿರಿ. ಎಂಜಿನ್ ಬಂದ್ ಮಾಡಿ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ, ನೀರು ಇಳಿಸಿ. ನಮ್ಮ ಎರೆ ಮಣ್ಣಿನ ಧೂಳು ಹಿಟ್ಟಿನ ಹಾಗೆ ಇರುತ್ತದೆ, ಹೊಲದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಹವಾ ಹೊಡೆಯುವಾಗ ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಹೊಡೆಯಿರಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ.

ರೇಡಿಯೇಟರಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ, ಗದಗ ಕಡೆಯಂತೂ ಇನ್ನೂ ಜಾಸ್ತಿ, ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬೇಸಿಗೆಯಲ್ಲಿ ಗಾಡಿ ಬಿಸಿಯಾಗಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೊಲದ ಪಂಪಿನ ನೀರು ಸುರಿಯಬೇಡಿ. ಕೂಲಂಟ್ ಹಾಕಿ, ಬೆರೆಸಬೇಕಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ.

ಯೂರಿಯಾ, ಡಿಎಪಿ ತಂದ ದಿನ ಹಿಂದಿನ ಬಾಡಿಯನ್ನು ಅವತ್ತೇ ತೊಳೆಯಿರಿ. ಒಡೆದ ಚೀಲದಿಂದ ಬಿದ್ದ ಗೊಬ್ಬರ ತೇವ ಹೀರಿಕೊಂಡು ತಗಡನ್ನು ತಿನ್ನುತ್ತದೆ. ರಬ್ಬರ್ ಮ್ಯಾಟು ಹಾಸಿ, ತಾಡಪತ್ರಿ ಕಟ್ಟಲು ಕೊಕ್ಕೆ ಹಾಕಿಸಿ, ಹಿಂದೆ ಹೊಳೆಯುವ ಪಟ್ಟಿ ಹಚ್ಚಿ. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಇವಕ್ಕೆ.

ಆ ಹುಡುಗನಿಗೆ ಭಾನುವಾರ ಬೆಳಿಗ್ಗೆ ಬಾ ಅಂದಿದ್ದೇನೆ. ಬರುವಾಗ ಎರಡು ಖಾಲಿ ಚೀಲ ತಾ, ಒಂದು ನಿನಗೆ ಒಂದು ನನಗೆ. ಮೊದಲು ಆ ಕಡ್ಡಿ ತೋರಿಸುತ್ತೇನೆ.