ಸೊಂಟದ ಸೈಟು, ಕೆನ್ನೆಯ ಕಟ್ಟಡ

ಗಾಂಧಿ ಬಜಾರಿನ ಬೆಣ್ಣೆ ಮಸಾಲೆಯನ್ನು ಇನ್ನು ಯಾರೂ ಬೈಯಬೇಡಿ. ಅದರ ಕೃಪೆಯಿಂದ ಸೊಂಟದಲ್ಲಿ ಕೂಡಿದ ಕೊಬ್ಬನ್ನು ಕೊಳವೆಯಲ್ಲಿ ಹೀರಿ, ತೊಳೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಅದರೊಳಗಿನ ಸ್ಟೆಮ್ ಸೆಲ್‌ಗಳನ್ನು, ಎಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳನ್ನು, ಕೆನ್ನೆಗೆ ಚುಚ್ಚಿ ನಿಮ್ಮ ವಯಸ್ಸನ್ನು ಹತ್ತು ವರ್ಷ ಹಿಂದಕ್ಕೆ ತರುತ್ತೇವೆ ಎನ್ನುವವರು ನಗರದಲ್ಲಿದ್ದಾರೆ. ಹಿಂದಕ್ಕೆ ಬಾರದಿರುವುದು ನೀವು ಕಟ್ಟಿದ ಮುಂಗಡವೊಂದೇ.

ಕೊಬ್ಬಿನಲ್ಲಿ ಇಂಥ ಆಕರಕೋಶಗಳಿವೆ ಎಂಬುದು ಸುಳ್ಳಲ್ಲ. ಸಂಶೋಧಕಿ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು 2001ರಲ್ಲೇ ಅದನ್ನು ತೋರಿಸಿದ್ದರು. ಒಂದೆಡೆಯ ಕೊಬ್ಬನ್ನು ತೆಗೆದು ಇನ್ನೊಂದೆಡೆ ತುಂಬುವುದಂತೂ 19ನೇ ಶತಮಾನದ ವಿದ್ಯೆ. ತುಂಬಿದ್ದರಲ್ಲಿ ಒಂದು ಪಾಲನ್ನು ದೇಹ ಕೆಲವೇ ತಿಂಗಳಲ್ಲಿ ಕರಗಿಸಿಕೊಳ್ಳುತ್ತದೆ. ಹೊಸದಾಗಿರುವುದು ದರಪಟ್ಟಿ.

ಮಗಳ ಮದುವೆ ಗೊತ್ತಾದ ತಾಯಿಯೊಬ್ಬರು ಇಂಥ ಕ್ಲಿನಿಕ್ಕಿನ ಸಲಹೆಗಾರ್ತಿಯ ಮುಂದೆ ಕುಳಿತು, "ಇದಕ್ಕೆ ಸರ್ಕಾರದ ಒಪ್ಪಿಗೆ ಇದೆಯೇನಮ್ಮ?" ಎಂದು ಕೇಳುತ್ತಾರೆ ಎನ್ನಿ.

"ನಿಮ್ಮದೇ ಕೊಬ್ಬು ಆಂಟಿ, ನಿಮ್ಮದೇ ಕೆನ್ನೆ. ನಡುವೆ ಸರ್ಕಾರ ಯಾಕೆ?"

ರೆವಿನ್ಯೂ ಸೈಟಿನಲ್ಲಿ ನಕ್ಷೆಯಿಲ್ಲದೆ ಐದಂತಸ್ತು ಎಬ್ಬಿಸುವವರ ಮಾತೂ ಇದೇ. ನಮ್ಮದೇ ಜಾಗ, ನಮ್ಮದೇ ಇಟ್ಟಿಗೆ, ಪಾಲಿಕೆಗೇನು ಕೆಲಸ? ಕೆಲಸ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಗಳಿಗಷ್ಟೇ ಸೀಮಿತ. ಸುಕ್ಕು ರಕ್ತದ ಕಾಯಿಲೆಯಲ್ಲ, ಮದುವೆ ಮನೆಯಲ್ಲಿ ನೆಂಟರು ಏನೇ ಹೇಳಲಿ.

ನಕ್ಷೆಯಿಲ್ಲದೆ ಕಟ್ಟಿದರೆ ಏನು ಎದ್ದು ನಿಲ್ಲುತ್ತದೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸಿನಿಂದ 2012ರಲ್ಲಿ ವರದಿಯಾದ ಪ್ರಕರಣವಿದೆ. ಮುಖಕ್ಕೆ ಇಂಥದ್ದೇ ಚಿಕಿತ್ಸೆ ಮಾಡಿಸಿಕೊಂಡ ಮಹಿಳೆಗೆ ಕೆಲವು ತಿಂಗಳಲ್ಲಿ ಬಲಗಣ್ಣು ತೆರೆಯುವುದೇ ಯಾತನೆಯಾಯಿತು. ಬಲವಂತವಾಗಿ ತೆರೆದರೆ ಟಕ್ ಎಂದು ಸದ್ದು. ವೈದ್ಯರು ಕೊಯ್ದು ನೋಡಿದರೆ ರೆಪ್ಪೆಯಲ್ಲೂ ಕಣ್ಣಿನ ಸುತ್ತಲೂ ಮೂಳೆಯ ಚೂರುಗಳು! ಸುಕ್ಕು ತುಂಬಲು ಜೊತೆಗೆ ಚುಚ್ಚಿದ್ದ ವಸ್ತುವಿನಲ್ಲಿ ಕ್ಯಾಲ್ಸಿಯಂ ಖನಿಜವಿತ್ತು. ಕೋಶಗಳನ್ನು ಮೂಳೆಯಾಗಿಸಿದ್ದು ಅದೇ ಇರಬೇಕೆಂದು ಊಹಿಸಲಾಯಿತು. ಸೊಂಟದಲ್ಲಿ ಸುಮ್ಮನೆ ಬಿದ್ದಿದ್ದ ಮೇಸ್ತ್ರಿಗೆ ಸಿಮೆಂಟೂ ಸಿಕ್ಕರೆ ಕಟ್ಟದೆ ಬಿಡುತ್ತಾನೆಯೇ?

ನಿಮ್ಮದೇ ಮೂಳೆ ಆಂಟಿ, ಎಂದುಬಿಟ್ಟರೆ ವಾದ ಮುಗಿಯಿತು. ರೆಪ್ಪೆಯ ಮೇಲೆದ್ದ ಮಹಡಿಯನ್ನು ಅಕ್ರಮ-ಸಕ್ರಮದಲ್ಲಿ ಸೇರಿಸೋಣವೆಂದರೆ, ಆ ಯೋಜನೆಗೂ ಸುಪ್ರೀಂ ಕೋರ್ಟ್ ಅದೇ 2017ರಲ್ಲಿ ತಡೆ ಕೊಟ್ಟಿತು. ಒಡೆಸುವುದೊಂದೇ ದಾರಿ, ಅದಕ್ಕೆ ಪ್ಯಾಕೇಜ್ ಬೇರೆ.